ನೂರಕ್ಕೆ ಎರಡು ರೂಪಾಯಿ

ಆ ಎರಡು ರೂಪಾಯಿಯನ್ನು ಕೊಳ್ಳುವವರ ಮೇಲೇ ಹಾಕೋಣ ಅಂದವಳು ನಾನು. ಬೇಡ ಅಂದವಳು ಅವಳು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ನಡೆದದ್ದನ್ನು ಕೇಳಿದವರೆಲ್ಲ ಇಬ್ಬರೂ ಸೇರಿ ಮಾಡಿಕೊಂಡ ಎಡವಟ್ಟು ಅಂದುಕೊಂಡಿದ್ದಾರೆ. ಅವಳೂ ಬಂದವರೆದುರು ಹಾಗೇ ಹೇಳಿದ್ದಾಳೆ. ನಿಜ ಹಾಗಿಲ್ಲ.

ನಾನು ಹನ್ನೊಂದು ವರ್ಷ ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತವಳು. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಬಿಲ್ಲು ಎಲ್ಲ ನನ್ನ ಕೈಲೇ ಆಗುತ್ತಿತ್ತು. ಎಸ್ಟೇಟು ಕೈ ಬದಲಾಯಿಸಿದಾಗ ಹೊಸಬರು ಲೆಕ್ಕಪತ್ರವನ್ನೆಲ್ಲ ಪಟ್ಟಣದ ಒಂದು ಕಂಪನಿಗೆ ವಹಿಸಿದರು. ಎಸ್ಟೇಟಿನ ಮೇಲ್ವಿಚಾರಕ ರೈಟರ್ ಬಂದು, 'ಈ ತಿಂಗಳು ಮುಗಿಸ್ಕೊಳಮ್ಮ' ಅಂದರು. ಅಷ್ಟೇ. ನಮ್ಮನೆಯವರಿಗೆ ಸಂಸೆ ಕಡೆಯ ತೋಟವೊಂದರಲ್ಲಿ ಮೇಸ್ತ್ರಿ ಕೆಲಸ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮನೆಯಲ್ಲಿ ಸುಮ್ಮನೆ ಕೂರಲು ನನಗೆ ಬರುತ್ತಿರಲಿಲ್ಲ.

ಅವಳ ಪರಿಚಯ ಮೊದಲಿಂದಲೂ ಇತ್ತು. ಬಣಕಲ್ಲಿನಲ್ಲಿ ಹೆದ್ದಾರಿ ಪಕ್ಕ, ಬಸ್ಸು ನಿಲ್ಲುವಲ್ಲಿಂದ ಹತ್ತು ಹೆಜ್ಜೆಗೆ, ಅವಳ ಗಂಡನ ಅಪ್ಪ ಹಾಕಿದ್ದ ಕಾಫಿಪುಡಿ ಮಿಲ್ಲು. ಹಿಂದುಗಡೆ ಸೌದೆ ಬೆಂಕಿಯ ಮೇಲೆ ತಿರುಗುವ ಹುರಿಯುವ ಡ್ರಮ್ಮು, ಮುಂದೆ ಪುಡಿ ಮಾಡುವ ಮಿಶಿನ್ನು, ಅದರ ಪಕ್ಕ ತಕ್ಕಡಿ. ಗಂಡ ಹುರಿಯುವವರು, ಅವಳು ಪುಡಿ ಮಾಡಿ ತೂಗಿ ಕೊಡುವವಳು. ಅವರು ಮಾತು ಕಡಿಮೆ. ಡ್ರಮ್ಮಿನ ಪಕ್ಕ ಒಂದು ಮರದ ಸ್ಟೂಲಿನ ಮೇಲೆ ಕಿವಿ ಕೊಟ್ಟು ಕೂತಿರುತ್ತಿದ್ದರು. ಬೀಜ ಸಿಡಿಯುವ ಸದ್ದು ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ನಿಂತಿತು ಅನ್ನುವುದರ ಮೇಲೆ ಒಲೆಯ ಸೌದೆ ಹೊರಗೆ ಎಳೆಯುತ್ತಿದ್ದರು. ಗಡಿಯಾರ ನೋಡಿದ್ದನ್ನು ನಾನು ಕಾಣೆ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಅವಳು ನನಗಿಂತ ಎರಡು ವರ್ಷ ಚಿಕ್ಕವಳು, ಆದರೆ ನಮ್ಮಿಬ್ಬರದು ಮೊದಲಿಂದ ನೀನು ಅನ್ನುವ ಏಕವಚನದ ಮಾತೇ.

ಚಾರ್ಮಾಡಿ ಘಾಟಿಗೆ ಹೋಗುವ, ದೇವರಮನೆ ನೋಡಲು ಬರುವ ಕಾರುಗಳು ಮಿಲ್ಲಿನ ಘಮಕ್ಕೆ ನಿಲ್ಲುತ್ತಿದ್ದವು. ಅರ್ಧ ಕೆಜಿ ತೆಗೆದುಕೊಂಡವರು 'ಖಾಲಿಯಾದ್ರೆ ಕಳಿಸ್ತೀರಾ' ಅಂತ ಕೇಳುತ್ತಿದ್ದರು. ಅವಳು ನಗುತ್ತಾ ಇಲ್ಲ ಅನ್ನುತ್ತಿದ್ದಳು. ಕೆಲಸ ಹೋದ ಮೇಲೆ ಒಂದು ದಿನ ಪುಡಿ ತರಲು ಹೋಗಿದ್ದೆ. ಹಾಗೇ ಕೇಳಿದ ಒಬ್ಬರಿಗೆ ನಾನೇ 'ಕಳಿಸ್ತೀವಿ, ನಂಬರ್ ಕೊಡಿ' ಅಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. 'ಹೌದಾ? ಯಾರು ಕಳಿಸೋದು?' ಅಂದಳು. 'ನಾನು' ಅಂದೆ.

ಹಾಗೆ ಶುರುವಾಯಿತು. ವೆಬ್‌ಸೈಟು ಮಾಡಿಕೊಳ್ಳುವುದನ್ನು ಫೋನಿನಲ್ಲೇ ನೋಡಿ ಕಲಿತೆ. ಹುರಿಯುವುದು, ಪುಡಿ ಮಾಡುವುದು ಅವರದು. ಪ್ಯಾಕೆಟ್ಟು ಕಟ್ಟುವುದು, ವಿಳಾಸ ಬರೆಯುವುದು, ಮೂಡಿಗೆರೆಯ ಕೊರಿಯರಿನವರಿಗೆ ಮುಟ್ಟಿಸುವುದು ನನ್ನದು. ಲಾಭದಲ್ಲಿ ಸಮಪಾಲು. ಆನ್‌ಲೈನಿನಲ್ಲಿ ದುಡ್ಡು ವಸೂಲಿ ಮಾಡಿಕೊಡುವ ಕಂಪನಿಯ ಜೊತೆ ನನ್ನ ಹೆಸರಿನಲ್ಲಿ ಒಪ್ಪಂದ ಮಾಡಿಕೊಂಡಿದ್ದರಿಂದ ದುಡ್ಡು ನನ್ನ ಖಾತೆಗೆ ಬರುತ್ತಿತ್ತು. ಶನಿವಾರ ಅವಳ ಪಾಲು ಅವಳಿಗೆ ಹಾಕುತ್ತಿದ್ದೆ. ಆ ಕಂಪನಿ ನೂರು ರೂಪಾಯಿಗೆ ಎರಡು ರೂಪಾಯಿ, ಅದರ ಮೇಲೊಂದಿಷ್ಟು ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತಿತ್ತು.

ಮೊದಲ ವರ್ಷ ಅದು ನಮ್ಮ ಕಣ್ಣಿಗೇ ಬೀಳಲಿಲ್ಲ. ಆಮೇಲೆ ಕಾಫಿಗೆ ಯಾರೂ ಕಂಡರಿಯದ ಬೆಲೆ ಬಂತು. ತೋಟದವರ ಮುಖದಲ್ಲಿ ಕಳೆ ಬಂತು. ಪುಡಿ ಮಾಡಿ ಮಾರುವವರ ಉಸಿರು ಸಿಕ್ಕಿಕೊಂಡಿತು. ಬೀಜ ಕೊಂಡ ಬೆಲೆಗೂ ಪುಡಿ ಮಾರುವ ಬೆಲೆಗೂ ನಡುವೆ ಉಳಿಯುವುದು ತೆಳ್ಳಗಾಗುತ್ತಾ ಹೋಯಿತು. ಒಂದು ಮಧ್ಯಾಹ್ನ ಕೂತು ಲೆಕ್ಕ ಹಾಕಿದೆ. ನಮಗೆ ಉಳಿಯುವುದರಲ್ಲಿ ಸುಮಾರು ಕಾಲು ಭಾಗ ಆ ಎರಡು ರೂಪಾಯಿಗಳಲ್ಲೇ ಸೋರಿ ಹೋಗುತ್ತಿತ್ತು. ನನಗೆ ಸಿಟ್ಟು ಬಂತು. ಎಸ್ಟೇಟಿನಲ್ಲಿ ಹನ್ನೊಂದು ವರ್ಷ ಪೈಸೆ ಪೈಸೆ ಹುಡುಕಿ ಟ್ಯಾಲಿ ಮಾಡಿದ ಬುದ್ಧಿ.

'ಬಿಲ್ಲಿನ ಕೊನೆಗೆ ಪಾವತಿ ಶುಲ್ಕ ಅಂತ ಒಂದು ಸಾಲು ಹಾಕ್ತೀನಿ' ಅಂದೆ. 'ಕಾರ್ಡಿನಲ್ಲಿ ಕೊಡೋದು ಅವರ ಅನುಕೂಲಕ್ಕೆ. ಅದರ ಖರ್ಚು ನಾವ್ಯಾಕೆ ಹೊರಬೇಕು? ಇಲ್ಲಿಗೆ ಬರೋ ಗಿರಾಕಿ ಬಸ್ ಚಾರ್ಜು ಅವನೇ ಕೊಟ್ಕೊಂಡು ಬರ್ತಾನಲ್ಲ?'

ಅವಳು ತಕ್ಕಡಿಯ ತಟ್ಟೆ ಒರೆಸುತ್ತಿದ್ದಳು. 'ಈ ತಕ್ಕಡಿ ನಂದು' ಅಂದಳು. 'ಇದಕ್ಕೆ ವರ್ಷ ವರ್ಷ ಮುದ್ರೆ ಹಾಕ್ಸೋಕೆ ನಾನು ದುಡ್ಡು ಕಟ್ತೀನಿ. ತೂಗಿದ್ದಕ್ಕೆ ಅಂತ ಗಿರಾಕಿ ಹತ್ರ ಕೇಳ್ಲಾ?'

'ಅದು ಬೇರೆ, ಇದು ಬೇರೆ.'

'ಎಂಥ ಬೇರೆ? ಬೇಕಾದ್ರೆ ರೇಟೇ ಹತ್ತು ರೂಪಾಯಿ ಏರ್ಸು ಮಾರಾಯ್ತಿ. ಮೊದ್ಲೇ ಹೇಳಿದ್ರೆ ತಗೊಳ್ಳೋರು ತಗೋತಾರೆ, ಬಿಡೋರು ಬಿಡ್ತಾರೆ. ಊಟ ಬಡ್ಸಿ ಆದ್ಮೇಲೆ ಬಾಳೆ ಎಲೆಗೆ ಕಾಸು ಕೇಳ್ಬೇಡ.'

ರೇಟು ಏರಿಸಿದರೆ ಪಕ್ಕದ ವೆಬ್‌ಸೈಟಿನವರ ಪುಡಿ ನಮ್ಮದಕ್ಕಿಂತ ಅಗ್ಗವಾಗಿ ಕಾಣುತ್ತದೆ ಅಂತ ನಾನು. ಕಾಣಲಿ ಅಂತ ಅವಳು. ಅಣ್ಣನನ್ನು ಕೇಳಿದೆವು. ಅವರು ಡ್ರಮ್ಮಿನ ಕಡೆಯಿಂದ ತಲೆ ಎತ್ತದೆ, 'ನೀವಿಬ್ರೇ ಮಾತಾಡ್ಕೊಳ್ಳಿ' ಅಂದರು.

ನಾವು ಮಾತಾಡಿಕೊಳ್ಳಲಿಲ್ಲ. ಅವಳು ನೆಂಟರ ಮದುವೆಗೆಂದು ಎರಡು ದಿನ ಕಳಸಕ್ಕೆ ಹೋಗಿದ್ದಾಗ ಆ ಸಾಲನ್ನು ನಾನೊಬ್ಬಳೇ ಸೇರಿಸಿದೆ. ಅವಳಿಗೆ ಗೊತ್ತಾದದ್ದು ಒಬ್ಬ ಗಿರಾಕಿ ಅಂಗಡಿಗೆ ಫೋನು ಮಾಡಿ ಕೇಳಿದಾಗ. 'ಹಾಕಾಗಿದ್ಯಲ್ಲ, ಇರ್ಲಿ ಬಿಡು' ಅಂದಳು. ಆ ದಿನ ನನಗೆ ಚಹಾ ತರಿಸಲಿಲ್ಲ.

ಮುಂದಿನ ವಾರಗಳಲ್ಲಿ ನಾನು ಕಂಡದ್ದು ಇದು. ಜನ ಪುಡಿ ಆರಿಸುತ್ತಾರೆ, ವಿಳಾಸ ತುಂಬುತ್ತಾರೆ, ಕೊನೆಯ ಪುಟಕ್ಕೆ ಬರುತ್ತಾರೆ, ಅಲ್ಲಿ ಹದಿನಾಲ್ಕೋ ಹದಿನಾರೋ ರೂಪಾಯಿ ಹೆಚ್ಚಾದದ್ದು ನೋಡಿ ಹಾಗೇ ಎದ್ದು ಹೋಗುತ್ತಾರೆ. ಏಳುನೂರು ರೂಪಾಯಿ ಕೊಡಲು ತಯಾರಿದ್ದವರು ಹದಿನಾಲ್ಕು ರೂಪಾಯಿಗೆ ಮುನಿಸಿಕೊಳ್ಳುತ್ತಾರೆ. ಒಬ್ಬರು ಹೀಗೆ ಹಾಕುವುದು ಕಾನೂನಿಗೇ ವಿರುದ್ಧ ಅಂತ ಬರೆದರು. ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ, ಉತ್ತರ ಕೊಡಲಿಲ್ಲ.

ದಾವಣಗೆರೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಮೊದಲ ತಿಂಗಳಿಂದ ನಮ್ಮ ಪುಡಿ ತರಿಸುತ್ತಿದ್ದವರು. ಅವರು ಫೋನು ಮಾಡಿದರು. ಜಗಳದ ದನಿಯಲ್ಲ.

'ಅಮ್ಮಾ, ಪುಡಿಗೆ ಇಷ್ಟು ಅಂತ ಹೇಳಿ, ಎಷ್ಟಾದ್ರೂ ಕೊಡ್ತೀನಿ. ದುಡ್ಡು ಕೊಡೋದಕ್ಕೆ ಮತ್ತೆ ದುಡ್ಡು ಕೊಡೋದು ಮನಸ್ಸಿಗೆ ಸರಿ ಬರ್ತಿಲ್ಲ.'

ಅವರನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಆ ಸಾಲನ್ನು ತೆಗೆಯಲೂ ಮನಸ್ಸಾಗಲಿಲ್ಲ. ತೆಗೆದರೆ ಅವಳು ಹೇಳಿದ್ದೇ ಸರಿಯಾಗುತ್ತಿತ್ತು. ಹಾಗಾಗಿ, 'ನೀವು ನೇರವಾಗಿ ಮಿಲ್ಲಿನ ಕ್ಯೂಆರ್‌ಗೆ ಹಾಕ್ಬಿಡಿ ಸಾರ್, ಅದಕ್ಕೆ ಏನೂ ಹಿಡಿಯೋದಿಲ್ಲ' ಅಂದೆ. ಮಿಲ್ಲಿನ ಕಟ್ಟೆಯ ಮೇಲೆ ಅಂಟಿಸಿದ್ದ ಕ್ಯೂಆರ್ ಹಾಳೆಯ ಫೋಟೋ ತೆಗೆದು ಕಳಿಸಿದೆ. ಅದು ಅವಳ ಸ್ವಂತ ಉಳಿತಾಯ ಖಾತೆಯದು. ಮಿಲ್ಲಿನ ಚಿಲ್ಲರೆ ವ್ಯಾಪಾರ, ಬೀಜ ಕೊಳ್ಳುವ ದುಡ್ಡು, ಮನೆಖರ್ಚು, ಕೂಡಿಟ್ಟದ್ದು ಎಲ್ಲ ಅದರಲ್ಲೇ.

ಮೇಷ್ಟ್ರು ಖುಷಿಯಾದರು. ಅದನ್ನು ನೋಡಿ ಇನ್ನೊಂದು ಹೊಳೆಯಿತು. ಎಲ್ಲರಿಗೂ ಹೀಗೇ ಹೇಳಿದರೆ? 'ಶುಲ್ಕ ಬೇಡವಾದರೆ ಇಲ್ಲಿ ನೇರವಾಗಿ ಪಾವತಿಸಿ, ಸ್ಕ್ರೀನ್‌ಶಾಟ್ ಕಳಿಸಿ' ಅಂತ ವೆಬ್‌ಸೈಟಿನಲ್ಲೇ ಆ ಕ್ಯೂಆರ್ ಹಾಕಿದರೆ? ಈ ಸಲ ಅವಳನ್ನು ಕೇಳದೆ ಮಾಡಬಾರದು ಅಂತ ಮಿಲ್ಲಿಗೆ ಹೋದೆ. ಸಂತೆಯ ದಿನ, ಸಾಲು ನಿಂತಿತ್ತು, ಮಿಶಿನ್ನು ಓಡುತ್ತಿತ್ತು. ಅದರ ಪಕ್ಕ ನಿಂತರೆ ನಮ್ಮ ದನಿ ನಮಗೇ ಕೇಳಿಸುವುದಿಲ್ಲ. ನಾನು ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದೆ. ಅವಳು ಪುಡಿ ಬೀಳುವ ಬಾಯಿಗೆ ಚೀಲ ಹಿಡಿದುಕೊಂಡೇ ತಲೆ ಆಡಿಸಿದಳು. ನಾನು ಅದನ್ನು ಒಪ್ಪಿಗೆ ಅಂತ ಎತ್ತಿಕೊಂಡು ಬಂದೆ.

ನಾಲ್ಕೈದು ತಿಂಗಳು ಚೆನ್ನಾಗಿಯೇ ನಡೆಯಿತು. ಬಿಟ್ಟುಹೋದವರು ವಾಪಸು ಬಂದರು. ಅವಳ ಫೋನು ದಿನವಿಡೀ ಟಿಂಗ್ ಅನ್ನುತ್ತಿತ್ತು. ಯಾರೋ, ಯಾವೂರಿನವರೋ, ಹೆಸರನ್ನು ಕೂಡ ನಮಗೆ ಓದಲಾಗದವರಿಂದ ಇನ್ನೂರೈವತ್ತು, ಐನೂರು, ಸಾವಿರ. ಈಗ ಶನಿವಾರ ನನ್ನ ಪಾಲು ಅವಳು ಹಾಕುತ್ತಿದ್ದಳು. 'ನೋಡಿದ್ಯಾ' ಅಂತ ನಾನು ಒಂದೆರಡು ಸಲ ಅಂದದ್ದುಂಟು.

ಕೊಯ್ಲಿನ ಸಮಯ ಬಂತು. ಅವಳು ಸುತ್ತಲಿನ ಸಣ್ಣ ಹಿಡುವಳಿದಾರರಿಂದ ಬೀಜ ಕೊಳ್ಳುತ್ತಿದ್ದಳು. ಎರಡು ಎಕರೆ, ಮೂರು ಎಕರೆಯವರು, ಅಂಗಳದಲ್ಲೇ ಒಣಗಿಸಿ, ಸಿಪ್ಪೆ ತೆಗೆಸಿ, ಜೀಪಿನಲ್ಲಿ ಹಾಕಿಕೊಂಡು ತರುವವರು. ದೊಡ್ಡ ವ್ಯಾಪಾರಿಗಳ ಹಾಗೆ ಸತಾಯಿಸದೆ ತೂಕ ಆದ ಕೂಡಲೇ ದುಡ್ಡು ಹಾಕುತ್ತಾಳೆ ಅಂತಲೇ ಅವಳ ಹತ್ತಿರ ಬರುತ್ತಿದ್ದರು. ಆ ಬೆಳಿಗ್ಗೆ ಮೂವರ ಚೀಲ ಇಳಿದಿತ್ತು. ಅವಳು ಫೋನಿನಲ್ಲಿ ಮೊತ್ತ ಒತ್ತಿದಳು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಹೋಗಲಿಲ್ಲ. ನೆಟ್‌ವರ್ಕ್ ಇಲ್ಲವೇನೋ ಅಂತ ರಸ್ತೆಗೆ ಬಂದು ನಿಂತು ಒತ್ತಿದಳು.

ಬ್ಯಾಂಕಿಗೆ ಇಬ್ಬರೂ ಹೋದೆವು. ಅಲ್ಲಿನ ಆಫೀಸರು ಒಳ್ಳೆಯವರೇ. ಕಂಪ್ಯೂಟರ್ ನೋಡಿ, ನಮ್ಮನ್ನು ಒಳಗೆ ಕೂರಿಸಿ ಮೆಲ್ಲಗೆ ಹೇಳಿದರು. ಬೇರೆ ರಾಜ್ಯದಲ್ಲಿ ಯಾರಿಗೋ ಆನ್‌ಲೈನಿನಲ್ಲಿ ಮೋಸವಾಗಿದೆ. ಕದ್ದ ದುಡ್ಡು ನಾಲ್ಕಾರು ಖಾತೆ ದಾಟಿದೆ. ಅದರಲ್ಲಿ ಒಂದು ಖಾತೆಯಿಂದ ಇವಳ ಖಾತೆಗೆ ಸಾವಿರದ ನಾನೂರು ಚಿಲ್ಲರೆ ಬಂದಿದೆ. ಅಲ್ಲಿಯ ಪೊಲೀಸರ ಸೂಚನೆ ಬಂದಿರುವುದರಿಂದ ಖಾತೆ ತಡೆಹಿಡಿಯಲಾಗಿದೆ.

'ಆ ಸಾವಿರದ ನಾನೂರು ಹಿಡ್ಕೊಳ್ಳಿ' ಅಂದಳು ಅವಳು. 'ಉಳಿದದ್ದು ಬಿಡಿ.'

'ಪೂರ್ತಿ ಖಾತೆಗೇ ಬಂದಿದೆ ಅಮ್ಮ. ನಮ್ಮ ಕೈಲಿಲ್ಲ.'

'ಅವರು ಯಾರೂಂತ್ಲೇ ನಂಗೆ ಗೊತ್ತಿಲ್ಲವಲ್ಲ ಸಾರ್.'

'ಅದೇ ತೊಂದ್ರೆ ಆಗಿರೋದು' ಅಂದರು ಆಫೀಸರು. ಆಮೇಲೆ ನನ್ನ ಕಡೆ ತಿರುಗಿ, 'ದುಡ್ಡು ವಸೂಲಿ ಮಾಡೋ ಕಂಪನಿ ಮೂಲಕವೇ ಬಂದಿದ್ರೆ ಅವರ ಹತ್ರ ಆರ್ಡರಿನ ದಾಖಲೆ ಇರ್ತಿತ್ತು. ನಿಮ್ಮ ಪರ ಉತ್ತರ ಕೊಡೋಕೆ ಯಾರೋ ಒಬ್ರು ಇರ್ತಿದ್ರು. ಸುಮ್ಸುಮ್ನೆ ಎರಡು ರೂಪಾಯಿ ತಗೊಳ್ಳಲ್ಲ ಅವರು' ಅಂದರು. ಅವರು ಬುದ್ಧಿ ಹೇಳಿದ್ದಷ್ಟೇ, ಚುಚ್ಚಲು ಅಂದದ್ದಲ್ಲ.

ಮನೆಗೆ ಬಂದು ಆ ಆರ್ಡರು ಹುಡುಕಿದೆ. ಸಿಕ್ಕಿತು. ಎರಡು ಕೆಜಿ ಪುಡಿ, ಚಿಕೋರಿ ಇಲ್ಲದ್ದು. ವಿಳಾಸ ಇತ್ತು, ಕೊರಿಯರ್ ರಸೀದಿ ಇತ್ತು, ಮುಟ್ಟಿದ್ದಕ್ಕೆ ಸಹಿ ಇತ್ತು. ಪ್ಯಾಕೆಟ್ಟಿನೊಳಗೆ 'ಧನ್ಯವಾದಗಳು' ಅಂತ ಚೀಟಿ ಬರೆದು ಹಾಕುವುದು ನನ್ನ ರೂಢಿ. ಅವರಿಗೂ ಹಾಕಿದ್ದೆ. ಆ ಮನುಷ್ಯನೇ ಕಳ್ಳನೋ, ಅಥವಾ ಅವನೂ ನಮ್ಮ ಹಾಗೆ ಎಲ್ಲಿಂದಲೋ ಬಂದ ದುಡ್ಡು ಖರ್ಚು ಮಾಡಿದವನೋ, ಇವತ್ತಿಗೂ ಗೊತ್ತಿಲ್ಲ. ಫೋನು ಸ್ವಿಚ್ ಆಫ್.

ಬ್ಯಾಂಕಿನವರು ಆ ದೂರದ ಠಾಣೆಯ ನಂಬರು ಕೊಟ್ಟರು. ಅವಳಿಗೆ ಹಿಂದಿ ಬರುತ್ತದೆ, ನನಗೆ ಬಾರದು. ನಾಲ್ಕು ದಿನ ಫೋನು ಮಾಡಿದ ಮೇಲೆ ಒಂದು ಸಲ ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ. ಅವಳು ನಿಧಾನವಾಗಿ ಎಲ್ಲ ಹೇಳುತ್ತಿದ್ದಳು, ಅತ್ತಲಿಂದ ಹೂಂ ಹೂಂ ಕೇಳುತ್ತಿತ್ತು. ನಡುವೆ ಏನೋ ಕೇಳಿದರು, ಇವಳು ತನ್ನ ಹೆಸರು ಹೇಳಿದಳು. ಆಮೇಲೆ ಅತ್ತ ಕಡೆಯ ದನಿ ಜೋರಾಯಿತು. ಇವಳು 'ಜೀ, ಜೀ' ಅನ್ನುತ್ತಾ ಹೋದಳು. ಕೊನೆಗೆ ಫೋನು ಇಟ್ಟಳು.

'ಏನಂತೆ?'

'ಖುದ್ದು ಬರ್ಬೇಕಂತೆ. ಕಾಫಿಪುಡಿ ಮಾರೋರಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ರು.' ಆಮೇಲೆ, 'ನಿನ್ನ ಹೆಸ್ರಲ್ಲಿ ಇದ್ದಿದ್ರೆ ಬೇರೆ ಥರ ಮಾತಾಡ್ತಿದ್ರೋ ಏನೋ' ಅಂದಳು. ನನ್ನ ಖಾತೆಗೆ ಏನೂ ಆಗಿರಲಿಲ್ಲ. ಅದರಲ್ಲಿದ್ದ ಸಣ್ಣ ದುಡ್ಡು ಹಾಗೇ ಇತ್ತು.

ಬೀಜ ಇಳಿಸಿದ್ದ ಮೂವರಲ್ಲಿ ಇಬ್ಬರು ತಡೆದುಕೊಂಡರು. ಮೂರನೆಯವರು ವಯಸ್ಸಾದವರು. ದಿನಾ ಬಂದು ಮಿಲ್ಲಿನ ಬೆಂಚಿನ ಮೇಲೆ ಕೂರುತ್ತಿದ್ದರು. ಬಾಯಿ ಮಾಡುತ್ತಿರಲಿಲ್ಲ. 'ನೀವು ಕೊಡ್ತೀರಿ ಅಂತ ಗೊತ್ತು' ಅನ್ನುತ್ತಿದ್ದರು. ಅದೇ ಕಷ್ಟವಾಗುತ್ತಿತ್ತು. ಅಷ್ಟರಲ್ಲಿ ಊರಿನಲ್ಲಿ ಸುದ್ದಿ ಬೇರೆಯೇ ರೂಪ ತಾಳಿತ್ತು. ಆನ್‌ಲೈನ್ ಮೋಸದ ಕೇಸಂತೆ, ಪೊಲೀಸರು ಬ್ಯಾಂಕಿನ ದುಡ್ಡು ಹಿಡಿದಿದ್ದಾರಂತೆ. ಬಸ್ಸಿಗೆ ಕಾಯುವವರು ಮಿಲ್ಲಿನ ಜಗಲಿಯಲ್ಲಿ ಕೂರುವುದು ಬಿಟ್ಟು ಎದುರುಗಡೆ ಹೋಗಿ ನಿಲ್ಲತೊಡಗಿದರು.

ಖಾತೆ ನಿಂತ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಮುಂದೆ ಪ್ಯಾಕೆಟ್ಟು ಕಟ್ಟುತ್ತಿದ್ದೆ. ಸುಟ್ಟ ವಾಸನೆ ಬಂತು. ಅಷ್ಟು ವರ್ಷದಲ್ಲಿ ಆ ಮಿಲ್ಲಿನಲ್ಲಿ ಬೀಜ ಸೀದ ವಾಸನೆ ನಾನು ಕಂಡಿರಲಿಲ್ಲ. ಅವಳು ಮಿಶಿನ್ನು ನಿಲ್ಲಿಸಿ ಹಿಂದೆ ಓಡಿದಳು. ಅಣ್ಣ ಸ್ಟೂಲಿನ ಮೇಲೆಯೇ ಇದ್ದರು, ಗೋಡೆಗೆ ಒರಗಿ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು. ಮುಖದಿಂದ ಬೆವರು ಇಳಿಯುತ್ತಿತ್ತು. 'ಡ್ರಮ್ ನಿಲ್ಸು' ಅಂದರು. ಅದೊಂದೇ ಮಾತು.

ಮೂಡಿಗೆರೆಯ ಆಸ್ಪತ್ರೆಯವರು ಇಂಜೆಕ್ಷನ್ ಕೊಟ್ಟು ತಕ್ಷಣ ಮಂಗಳೂರಿಗೆ ಒಯ್ಯಿರಿ ಅಂದರು. ಘಾಟಿ ಇಳಿದು ಹೋದೆವು. ಆ ಆ್ಯಂಬುಲೆನ್ಸಿನಲ್ಲಿ ತಿರುವು ತಿರುವಿಗೂ ಅವಳು ಅವರ ಪಾದ ಒತ್ತಿ ಹಿಡಿದುಕೊಂಡಿದ್ದಳು. ಮಂಗಳೂರಿನಲ್ಲಿ ಹೃದಯದ ಮೂರು ಕಡೆ ಅಡ್ಡಿ ಇದೆ ಅಂದರು. ಬಹಳ ಕೆಟ್ಟಿದ್ದ ಒಂದಕ್ಕೆ ಅವತ್ತೇ ಸ್ಟೆಂಟ್ ಹಾಕಿದರು. ಆ ದುಡ್ಡನ್ನು ಅವಳ ತವರಿನ ಅಣ್ಣ ಹೊಂದಿಸಿದರು, ನನ್ನ ಸರ ಅಡವಿಟ್ಟದ್ದೂ ಅದಕ್ಕೆ ಸೇರಿತು. ಉಳಿದ ಎರಡನ್ನು ಆದಷ್ಟು ಬೇಗ ಮಾಡಿಸಿ ಅಂದರು ಡಾಕ್ಟರು.

'ಆದಷ್ಟು ಬೇಗ ಅಂದ್ರೆ?' ಅಂತ ಅವಳು ಕೇಳಿದಳು.

'ಎರಡು ಮೂರು ವಾರ. ಅದಕ್ಕಿಂತ ತಡ ಮಾಡ್ಬೇಡಿ.'

ಅವರ ರೇಷನ್ ಕಾರ್ಡು ಎಪಿಎಲ್. ಸರ್ಕಾರದ ಕಡೆಯಿಂದ ಬರುವುದು ಸಾಲದು. ಅದಕ್ಕೆ ಸಾಲುವಷ್ಟು ದುಡ್ಡು ಅವಳ ಖಾತೆಯಲ್ಲಿ ಇತ್ತು. ಬೀಜಕ್ಕೆಂದು ಇಟ್ಟಿದ್ದು, ಮಗಳ ಮದುವೆಗೆಂದು ಕೂಡಿಟ್ಟಿದ್ದು. ಫೋನು ತೆರೆದರೆ ಅಂಕಿ ಕಾಣುತ್ತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಅದನ್ನು ನನಗೆ ತೋರಿಸಿದಳು. 'ನೋಡು, ಇದೆ' ಅಂದಳು.

ಮಾತ್ರೆ ಬರೆಸಿಕೊಂಡು ಅವರನ್ನು ಮನೆಗೆ ಕರೆದುಕೊಂಡು ಬಂದೆವು. ಖಾತೆ ಬಿಟ್ಟ ಕೂಡಲೇ ಮತ್ತೆ ಹೋಗುವುದು ಅಂತ ಮಾತು. ಆಮೇಲಿನ ನನ್ನ ಓಡಾಟವನ್ನು ಹೇಳಿದರೆ ಪುಟ ತುಂಬುತ್ತದೆ, ಹೇಳಿ ಫಲವಿಲ್ಲ. ಚಿಕ್ಕಮಗಳೂರಿನ ಸೈಬರ್ ಪೊಲೀಸರ ಹತ್ತಿರ ಮೂರು ಸಲ ಹೋದೆ. ಆರ್ಡರು, ರಸೀದಿ, ಬಿಲ್ಲು ಎಲ್ಲದರ ಜೆರಾಕ್ಸ್ ಕೊಟ್ಟೆ. 'ನಮ್ಮ ಕೇಸಲ್ಲ, ಅವರಿಗೆ ಪತ್ರ ಬರೆಯಬಹುದು' ಅಂದರು. ಬರೆದರು. ಮೂಡಿಗೆರೆಯ ವಕೀಲರೊಬ್ಬರು ಇಮೇಲ್ ಮಾಡಿಕೊಟ್ಟರು. ಖುದ್ದಾಗಿ ಹೋಗೋಣ ಅಂದರೆ ಅವಳು ಗಂಡನನ್ನು ಬಿಟ್ಟು ಎರಡು ದಿನದ ರೈಲು ಪ್ರಯಾಣ ಮಾಡುವ ಹಾಗಿರಲಿಲ್ಲ, ಅವಳಿಲ್ಲದೆ ನಾನು ಹೋಗಿ ಪ್ರಯೋಜನವಿರಲಿಲ್ಲ. ಅವಳ ತವರಿನ ಅಣ್ಣ ಇನ್ನೊಂದು ಸಾಲ ಎತ್ತಲು ಹೊರಟಾಗ ಅವಳ ಗಂಡನೇ ತಡೆದರು. 'ನಮ್ಮ ದುಡ್ಡೇ ಇದ್ಯಲ್ಲ. ಇವತ್ತಲ್ಲ ನಾಳೆ ಬರುತ್ತೆ. ನನಗೇನೂ ನೋವಿಲ್ಲ' ಅಂದರು. ನಿಜವಾಗಿಯೂ ನೋವಿರಲಿಲ್ಲವೋ ಏನೋ. ಅವರು ಹೇಳುವ ಪೈಕಿಯಲ್ಲ.

ಎರಡು ವಾರ ಹೋಯಿತು, ಮೂರಾಯಿತು, ಎಂಟಾಯಿತು. ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗೆ ಹೂ ಬಿಟ್ಟಿದ್ದ ವಾರ. ಅವರು ಮಿಲ್ಲಿಗೆ ಬಂದು ಕೂರುತ್ತಿದ್ದರು, ಕೆಲಸ ಮಾಡುತ್ತಿರಲಿಲ್ಲ. ಅವಳೇ ಹುರಿಯುತ್ತಿದ್ದಳು, ಅವರು 'ಈಗ ತೆಗಿ' ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಅವಳು ತೆಗಿ ಅನ್ನುವುದನ್ನೇ ಕಾಯುತ್ತಾ ನಿಂತಿದ್ದಳಂತೆ. ಮಾತು ಬರಲಿಲ್ಲ ಅಂತ ತಿರುಗಿ ನೋಡಿದಳಂತೆ. ನಾನು ಹತ್ತು ಗಂಟೆಯ ಬಸ್ಸಿಗೆ ಇಳಿದಾಗ ಮಿಲ್ಲಿನ ಮುಂದೆ ಜನ ಸೇರಿದ್ದರು. ಬೆಂಚಿನ ಮೇಲೆ ದಿನಾ ಕೂರುತ್ತಿದ್ದ ಆ ಹಿರಿಯರು ಟವಲನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹೊರಗೆ ನಿಂತಿದ್ದರು.

ಸಂಜೆಯೊಳಗೆ ಮಣ್ಣು ಮಾಡಿದರು.

ಉಳಿದೆರಡು ಸ್ಟೆಂಟ್ ಹಾಕಿಸಿದ್ದರೆ ಬದುಕುತ್ತಿದ್ದರೇ? ಆಮೇಲೆ ಮಂಗಳೂರಿನ ಡಾಕ್ಟರಿಗೆ ಫೋನು ಮಾಡಿ ನಾನೇ ಕೇಳಿದೆ. 'ಹೇಳೋಕಾಗಲ್ಲಮ್ಮ' ಅಂದರು. ಇಲ್ಲ ಅಂತಲಾದರೂ ಹೇಳಬಾರದಿತ್ತೇ ಅಂತ ಅನ್ನಿಸಿತು. ಹೌದು ಅಂದಿದ್ದರೂ ಅಷ್ಟೇ.

ಅವಳು ಇದ್ದತ್ತಿನಲ್ಲಿ ಕೂತಳು. ಮುಸ್ಲಿಮರಲ್ಲಿ ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು. ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ಸುಮಾರು ನಲವತ್ತು ದಿನ ಕಳೆದಿರಬೇಕು, ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದಾಗ ಅವಳ ಫೋನಿಗೆ ಮೆಸೇಜು ಬಂತು. ಖಾತೆ ತೆರೆದಿತ್ತು. ಯಾಕೆ ಮುಚ್ಚಿದ್ದರು, ಯಾಕೆ ತೆರೆದರು, ಒಂದು ಮಾತಿಲ್ಲ. ಸಾವಿರದ ನಾನೂರು ಚಿಲ್ಲರೆಯನ್ನು ಮಾತ್ರ ಹಾಗೇ ಹಿಡಿದಿಟ್ಟಿದ್ದರು.

ಅವಳು ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟಳು. 'ನನ್ನ ಕನ್ನಡಕ ಸರಿಯಿಲ್ಲ. ಬೀಜ ಕೊಟ್ಟೋರಿಗೆ ಮೊದ್ಲು ಹಾಕು' ಅಂದಳು. ಮೂವರಿಗೂ ಹಾಕಿದೆ. ಹೋಯಿತು. ಒಂದೊಂದು ಸಲ ಒತ್ತಿದಾಗಲೂ ಆ ಫೋನು ಒಂದು ಸಣ್ಣ ಸದ್ದು ಮಾಡಿತು.

ಆಗ ನನಗೆ ತಡೆಯಲಾಗಲಿಲ್ಲ. 'ಅವತ್ತು ಮಿಶಿನ್ ಓಡ್ತಿದ್ದಾಗ ನಾನು ಕೇಳಿದ್ನಲ್ಲ, ಕ್ಯೂಆರ್ ಎಲ್ರಿಗೂ ಕೊಡ್ಲಾ ಅಂತ. ನಿಂಗೆ ಕೇಳಿಸಿತ್ತಾ?' ಅಂದೆ. ಕೇಳಿಸಿರಲಿಲ್ಲ ಅಂದರೆ ತಪ್ಪು ಪೂರ್ತಿ ನನ್ನದಾಗುತ್ತದೆ, ಆಗಲಿ ಅಂತಲೇ ಕೇಳಿದ್ದು.

'ಕೇಳ್ಸಿತ್ತು' ಅಂದಳು. 'ಬೇಡ ಅನ್ನೋಕೆ ಮಿಶಿನ್ ನಿಲ್ಲಿಸ್ಬೇಕಿತ್ತು. ಜನ ನಿಂತಿದ್ರು.'

ಆಮೇಲೆ ಒಳಗೆ ಹೋಗಿ ಅಕ್ಕಿ ಆರಿಸಲು ಕೂತಳು. ನಾನು ಸ್ವಲ್ಪ ಹೊತ್ತು ಇದ್ದು ಎದ್ದು ಬಂದೆ.

ಮಿಲ್ಲು ಮತ್ತೆ ಶುರುವಾಗಲಿಲ್ಲ. ಹುರಿಯುವುದು ಅವಳಿಗೆ ಬರುತ್ತದೆ, ಆದರೆ ಆ ಸ್ಟೂಲಿನ ಹತ್ತಿರ ನಿಲ್ಲಲು ಆಗುವುದಿಲ್ಲ ಅಂದಳು. ಮಿಶಿನ್ನನ್ನು ಹಾಸನದ ಕಡೆಯವರು ಒಯ್ದರು. ಡ್ರಮ್ಮನ್ನು ದೇವರಮನೆ ದಾರಿಯಲ್ಲಿ ಹೊಸದಾಗಿ ಆದ ಒಂದು ರೆಸಾರ್ಟಿನವರು ಕೊಂಡರು. ಅದಕ್ಕೆ ಬಣ್ಣ ಬಳಿದು ಗೇಟಿನ ಪಕ್ಕ ನಿಲ್ಲಿಸಿದ್ದಾರೆ. ಬಂದವರು ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಆ ದಾರಿಯಲ್ಲಿ ಹೋಗುವುದನ್ನು ಆದಷ್ಟು ತಪ್ಪಿಸುತ್ತೇನೆ. ಮಿಲ್ಲಿದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿ, ಬಾಡಿಗೆ ಅವಳಿಗೆ ಬರುತ್ತದೆ.

ನಾನು ವ್ಯಾಪಾರ ಬಿಟ್ಟಿಲ್ಲ. ಬಿಟ್ಟರೆ ಮನೆ ನಡೆಯುವುದಿಲ್ಲ. ಚಿಕ್ಕಮಗಳೂರಿನಲ್ಲಿ ಹುರಿಸಿ ತರುತ್ತೇನೆ, ಮೂಡಿಗೆರೆಯಿಂದ ಕಳಿಸುತ್ತೇನೆ. ಬಿಲ್ಲಿನ ಕೊನೆಯಲ್ಲಿ ಈಗ ಆ ಸಾಲಿಲ್ಲ. ಪುಡಿಗೆ ಇಷ್ಟು ಅಂತ ಒಂದೇ ಬೆಲೆ. ವಸೂಲಿ ಕಂಪನಿಯ ಖರ್ಚು, ಡಬ್ಬದ ಖರ್ಚು, ನನ್ನ ಬಸ್ ಚಾರ್ಜು ಎಲ್ಲ ಅದರೊಳಗೇ. ಪಕ್ಕದವರದು ಅಗ್ಗ ಕಾಣುತ್ತದೆ, ಕೆಲವರು ಅಲ್ಲಿಗೆ ಹೋಗುತ್ತಾರೆ. ನೇರವಾಗಿ ಫೋನಿಗೆ ಹಾಕುತ್ತೇನೆ ಅಂದವರಿಗೆ ಬೇಡ ಅನ್ನುತ್ತೇನೆ. ದಾವಣಗೆರೆಯ ಮೇಷ್ಟ್ರಿಗೂ ಅಂದೆ. ಅವರಿಗೆ ನಡೆದದ್ದೇನೂ ಗೊತ್ತಿಲ್ಲ. 'ಯಾಕಮ್ಮ, ಮೊದ್ಲು ತಗೋತಿದ್ರಲ್ಲ' ಅಂದರು. 'ಈಗ ಆಗ್ತಿಲ್ಲ ಸಾರ್' ಅಂದೆ.

ಉಪ್ಪಿನಕಾಯಿ, ಜೇನುತುಪ್ಪ, ಮೆಣಸು ಮಾರಲು ಹೊಸದಾಗಿ ಶುರು ಮಾಡಿದ ಸ್ವಸಹಾಯ ಸಂಘದ ಹೆಂಗಸರು ಒಮ್ಮೊಮ್ಮೆ ನನ್ನನ್ನು ಕರೆದು ಕೇಳುವುದುಂಟು, ಆ ಎರಡು ರೂಪಾಯಿ ಗಿರಾಕಿಗೆ ಹಾಕೋದಾ, ನಾವೇ ಹಾಕ್ಕೊಳ್ಳೋದಾ ಅಂತ. ನನ್ನ ಲೆಕ್ಕ ತಪ್ಪಿರಲಿಲ್ಲ, ಅದು ಇವತ್ತಿಗೂ ಸರಿಯೇ. ಸಣ್ಣ ವ್ಯಾಪಾರಿಗೆ ಆ ಎರಡು ರೂಪಾಯಿ ದೊಡ್ಡದೇ. ಆದರೆ ಕೊಳ್ಳುವವರಿಗೆ ಅದನ್ನು ಬೇರೆಯಾಗಿ ತೋರಿಸಿದರೆ ಅದನ್ನು ತಪ್ಪಿಸಿಕೊಳ್ಳುವ ದಾರಿ ಕೇಳುತ್ತಾರೆ, ನಾವು ದಾರಿ ತೋರಿಸುತ್ತೇವೆ, ಆ ದಾರಿಯಲ್ಲಿ ಯಾರ ಮನೆಗೆ ಏನು ಬಂದು ಸೇರುತ್ತದೋ ನಮಗೆ ಗೊತ್ತಿರುವುದಿಲ್ಲ. ಇಷ್ಟನ್ನು ಹೇಳುತ್ತೇನೆ. ಯಾರ ಮನೆ ಅಂತ ಹೇಳುವುದಿಲ್ಲ. ಅವರಲ್ಲಿ ಅರ್ಧ ಜನಕ್ಕೆ ಗೊತ್ತೇ ಇದೆ.

ಕಳೆದ ತಿಂಗಳು ಅವಳ ಮಗಳ ಮದುವೆಯ ಕಾಗದ ಬಂತು. ಕೊರಿಯರಿನಲ್ಲಿ. ಬಣಕಲ್ಲಿನಿಂದ ಮೂಡಿಗೆರೆಯ ನಮ್ಮ ಮನೆಗೆ ಅರ್ಧ ಗಂಟೆಯ ದಾರಿ. ಹೋಗಿದ್ದೆ. ಅವಳು ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡು, 'ಬಂದ್ರಾ, ತುಂಬ ಸಂತೋಷ ಆಯ್ತು. ನೀವು ಊಟ ಮಾಡ್ಕೊಂಡೇ ಹೋಗ್ಬೇಕು' ಅಂದಳು. ಪಕ್ಕದಲ್ಲಿದ್ದವರಿಗೆ ಅದು ಮರ್ಯಾದೆಯ ಮಾತು. ನಾನು ಒಳಗೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತು ಊಟ ಮಾಡಿದೆ. ಬಿರಿಯಾನಿ ಚೆನ್ನಾಗಿತ್ತು. ಮದುಮಗಳು ಬಂದು ಸಲಾಂ ಹೇಳಿದಳು, ಅವಳ ಮುಖ ಪೂರ್ತಿ ಅಪ್ಪನದೇ. ಮೂರೂವರೆಯ ಬಸ್ಸು ತಪ್ಪಿದರೆ ಆಮೇಲೆ ಕಷ್ಟ ಅಂತ ಬೇಗ ಹೊರಟೆ. ಅವಳು ಒಳಗಿನ ಗಲಾಟೆಯಲ್ಲಿದ್ದಳು, ಹೇಳಿ ಬರಲಾಗಲಿಲ್ಲ.